ನಾಲ್ಕೂವರೆ ತಾಸು

“ಈ ಕಪ್ಪಿಗೆ ಯಾರರೆ ಎಣ್ಣಿ ಹಚ್ಚ್ಯಾರೇನ?” ಎಂದು ಭೀಮಗೊಂಡ ಗೋಡೆಯನ್ನು ಕೇಳಿದ. ಚಹಾ ಧೋತರದ ಮೇಲೆ ಚೆಲ್ಲಿತ್ತು. ಬಲಗೈ ಯಾರದೋ ಎಂಬಂತೆ ನೇತಾಡುತ್ತಿತ್ತು. ಮಾತು ತೊದಲಿದ್ದು ಕೇಳಿ ಹೆಂಡತಿ ತಾರಾಬಾಯಿ ತಿರುಗಿದಳು. ಗಂಡನ ತುಟಿ ಒಂದು ಬದಿಗೆ ಜಾರಿತ್ತು.

“ಈಗ ಏಳು ಹೊಡದೈತಿ, ನೆನಪಿಡ್ರಿ. ಇದು ಲಕ್ವಾ. ನಾಲ್ಕೂವರಿ ತಾಸಿನೊಳಗ ಮುಟ್ಟಿದ್ರ ಇಂಜೆಕ್ಷನ್ ಐತಿ ಅಂತ ಆಶಾ ಕಾರ್ಯಕರ್ತಿ ಅಕ್ಕ ಹೇಳ್ಯಾಳ. ಮಿರಜಿನ ದವಾಖಾನಿಗೆ ನಡೀರಿ!”

ಸೋತದ್ದು ದ್ರಾಕ್ಷಿ ಬಳ್ಳಿಗೆ ಕತ್ತರಿ ಆಡಿಸುವ ಬಲಗೈ. ಭೀಮಗೊಂಡ ತಕರಾರಿಲ್ಲದೆ ಎದ್ದ. ಆದರೆ ಉಗಾರ ಬುದ್ರುಕದಲ್ಲಿ ಒಬ್ಬನ ಕೈ ಸೋತರೆ ಓಣಿಯ ಬಾಯಿಗೆಲ್ಲ ಬಲ ಬರುತ್ತದೆ.

ಪಕ್ಕದ ಮನೆಯ ಬಾಬಾಸಾಹೇಬ ಕಂಕುಳಲ್ಲಿ ಪಾರಿವಾಳ ಹಿಡಿದೇ ಬಂದ. “ಇದರ ಬಿಸಿ ರಕ್ತ ತಿಕ್ಕಿದ್ರ ಕೈ ಕುಣೀತೈತಿ, ಭೀಮಣ್ಣಾ!”

ಇರುವೆಗೂ ದಾರಿ ಬಿಟ್ಟು ನಡೆಯುವ ಜೈನರ ಮನೆ ಅದು. ತಾರಾಬಾಯಿ ಚಿಟ್ಟನೆ ಚೀರಿದಳು. ಪಾರಿವಾಳ ಹಾರಿ ತೊಲೆಯ ಮೇಲೆ ಕೂತಿತು. ಅದನ್ನು ಇಳಿಸಲು ಏಣಿ ಬಂತು, ಏಣಿ ಹಿಡಿಯಲು ನಾಲ್ವರು ಬಂದರು.

“ಹೋಗ್ಲಿ, ಬಳ್ಳೊಳ್ಳಿ ಜಜ್ಜಿ ಮೂಗಿಗೆ ಹಿಡೀರಿ,” ಎಂದ ಜೀಪಿನ ಜ್ಞಾನದೇವ.

“ನಮ್ಮ ಮನ್ಯಾಗ ಬಳ್ಳೊಳ್ಳಿ ಹುಡುಕ್ತಿಯೇನೋ ಮಾರಾಯಾ! ಗಾಡಿ ತಗಿ!” ಎಂದಳು ತಾರಾಬಾಯಿ.

ಜೀಪು ಹೊರಟಾಗ ಒಂಬತ್ತು. ಏಣಿ ಹಿಡಿದವರೆಲ್ಲ ಒಳಗಿದ್ದರು. ತಾರಾಬಾಯಿ ಕಾಲಿಡುವಷ್ಟರಲ್ಲಿ ಬಾಬಾಸಾಹೇಬ ಬಾಗಿಲು ಎಳೆದುಕೊಂಡ. “ಜಾಗಾ ಇಲ್ರಿ ವೈನಿ. ನಾವು ಅದೀವಲ್ಲ!”

ಊರು ದಾಟಿದ ಜೀಪು ಮಂಗಸೂಳಿ ಕಡೆ ತಿರುಗಿತು.

“ಮಿ... ಮಿರಜ ಆ ಕಡಿ!”

“ಮಲ್ಲಯ್ಯನ ಭಂಡಾರ ಹಚ್ಚದ ಹೋಗತಾರೇನ? ಸುಮ್ಮ ಕುಂಡ್ರು,” ಎಂದ ಬಾಬಾಸಾಹೇಬ.

ಗುಡಿಯಲ್ಲಿ ಹಣೆಗೆ ಭಂಡಾರದ ಅರಿಷಿಣ ಮೆತ್ತಿಸಿಕೊಂಡ ಮೇಲೆಯೇ ಭೀಮಗೊಂಡ ಮಿರಜಿನ ದಾರಿ ಹಿಡಿದ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಮದುವೆ ಮನೆಗೆ ಹೊರಟ ಬೀಗಿತಿಯರಂತೆ ರಸ್ತೆ ತುಂಬಾ ತುಳುಕಾಡುತ್ತ ಸಾಗಿತ್ತು. ಮಿರಜಿನ ದವಾಖಾನೆ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು.

“ಯಾವಾಗ ಶುರು ಆತ್ರಿ?” ಎಂದರು ಡಾಕ್ಟರು.

“ಆರಕ್ಕ! ನಾನ ಮೊದಲ ನೋಡಿದ್ದು,” ಎಂದ ಜ್ಞಾನದೇವ.

ಮೊದಲು ಕಂಡ ಹಿರಿಮೆ ಇನ್ನೊಬ್ಬನ ಪಾಲಾಗುವುದೇ? ಬಾಬಾಸಾಹೇಬ ಎದೆ ಮುಂದೆ ಮಾಡಿದ. “ನಿನ್ನಿ ಸಂಜೀಕನ ಮಾರಿ ಸೊಟ್ಟ ಇತ್ರಿ. ನಾ ಕಂಡೇನಿ!”

ಡಾಕ್ಟರು ಪೆನ್ನು ಕೆಳಗಿಟ್ಟರು. “ನಿನ್ನಿ ಅಂದ್ರ ಇಂಜೆಕ್ಷನ್ ವ್ಯಾಳ್ಯಾ ಮುಗೀತು.”

“ಸುಳ್ಳ್ರೀ!” ಭೀಮಗೊಂಡ ಗುಡುಗಿದ. “ಮುಂಜಾನೆ ಏಳಕ್ಕ! ನನ್ನ ಹೆಂಡ್ತಿಗೆ ಫೋನ್ ಹಚ್ಚಿ ಕೇಳ್ರಿ!” ಬಲಗೈಯಿಂದಲೇ ಮೇಜು ಗುದ್ದಿದ.

ಫೋನಾಯಿತು, ಸ್ಕ್ಯಾನಾಯಿತು. ಡಾಕ್ಟರು ಕೈ ಎತ್ತಿಸಿ, ಮಾತಾಡಿಸಿ ನೋಡಿ ನಕ್ಕರು. “ನೀವು ಹೇಳಿದ್ದ ಖರೆ, ಇನ್ನೂ ವ್ಯಾಳ್ಯಾ ಐತಿ. ಆದ್ರ ಇಂಜೆಕ್ಷನ್ ಬ್ಯಾಡ. ಇದು ಸಣ್ಣ ಲಕ್ವಾ. ಮಾತು ತಿಳಿ ಆಗೈತಿ, ಕೈಗೆ ಬಲ ಬಂದೈತಿ. ಗುಳಿಗಿ ಸಾಕು.”

“ಭಂಡಾರ!” ಎಂದು ಬಾಬಾಸಾಹೇಬ ತೊಡೆ ತಟ್ಟಿದ.

“ಆದ್ರ ಲಕ್ವಾ ಮತ್ತ ಹೊಡಿಯೂ ಅಂಜಿಕಿ ಮೊದಲ ಎರಡು ಮೂರು ದಿನದಾಗ ಜಾಸ್ತಿ. ಮೂರು ದಿನ ಇಲ್ಲೇ ಇರಬೇಕು. ಜೋಡಿಗೆ ಇರಾಕ ಒಬ್ಬರಿಗಷ್ಟ ಪಾಸ್. ನೀವು ಸ್ಕ್ಯಾನಿಗೆ ಹೋದಾಗ ಇವರು ಸಹಿ ಮಾಡಿ ತಗೊಂಡಾರ,” ಎಂದು ಡಾಕ್ಟರು ಬಾಬಾಸಾಹೇಬನತ್ತ ತೋರಿಸಿದರು.

ಬಾಬಾಸಾಹೇಬ ಆಗಲೇ ಮಂಚದ ಕಾಲಬುಡದಲ್ಲಿ ಚಾದರ ಹಾಸಿ, ಊರಿಗೆ ಫೋನು ಮಾಡಿ ತನ್ನ ಸಾಹಸವನ್ನು ಮೂರನೆಯ ಸಲ ಹೇಳುತ್ತಿದ್ದ.

ಭೀಮಗೊಂಡ ಎರಡೂ ಕೈ ಸಮನಾಗಿ ಎತ್ತಿ ಮುಗಿದ. “ಸಾಹೇಬ್ರ, ಮೂರಲ್ಲ, ಮೂವತ್ತು ದಿನ ಇರ್ತೀನಿ. ಇವನ ಪಾಸ್ ನನ್ನ ಹೆಂಡ್ತಿ ಹೆಸರಿಗೆ ಮಾಡ್ರಿ.”

“ಸಹಿ ಆದ ಪಾಸ್ ಬದಲಿ ಆಗೂದಿಲ್ಲ,” ಎಂದರು ಡಾಕ್ಟರು.