ಯಂತ್ರಕ್ಕೆ ಶುದ್ಧ ಕನ್ನಡ ಕಲಿಸಿದ್ದು

ದೇಶದ ಡಿಜಿಟಲ್ ಭವಿಷ್ಯವನ್ನು ಕಟ್ಟುವ ಕೆಲಸಕ್ಕೆ ಸಿದ್ದಾಪುರದಿಂದ ಕೈಜೋಡಿಸಿದವಳು ನಾನೊಬ್ಬಳೇ. ಈ ಮಾತನ್ನು ಮೊದಮೊದಲು ದಾರಿಯಲ್ಲಿ ಸಿಕ್ಕವರಿಗೆಲ್ಲ ನಿಲ್ಲಿಸಿ ಹೇಳುತ್ತಿದ್ದೆ. ಈಗ ಕೇಳಿದರೂ ಹೇಳುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ‘ಗೊತ್ತಿಲ್ಲೆ’, ‘ಬರದಿಲ್ಲೆ’ ಎಂದು ಬರೆಯುವ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಎಷ್ಟು ‘ಇಲ್ಲೆ’ಗಳನ್ನು ಹೊಡೆದುಹಾಕಿ ‘ಇಲ್ಲ’ ಮಾಡಿದ್ದೇನೋ ದೇವರಿಗೇ ಗೊತ್ತು. ಮನೆಯಲ್ಲಿ ನಾನೂ ‘ಇಲ್ಲೆ’ ಎನ್ನುವವಳೇ. ಆದರೆ ಮನೆ ಮನೆ, ಶಾಲೆ ಶಾಲೆ. ಸೀರೆ ಉಟ್ಟು ಹೊಸ್ತಿಲು ದಾಟಿದರೆ ನನ್ನ ಕನ್ನಡವೂ ಇಸ್ತ್ರಿ ಮಾಡಿಕೊಂಡು ಹೊರಡುತ್ತಿತ್ತು.

ನಂದೊಳ್ಳಿಯ ನನ್ನ ಅಣ್ಣನ ಮಗಳು ಸುಮಾ, ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು ಶಿರಸಿಯಲ್ಲಿ ಸ್ಟಾರ್ಟಪ್ ಮಾಡಿದ್ದಾಳೆ. ಒಂದು ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಅವರ ಆಫೀಸು. ಅವರು ತಯಾರಿಸುತ್ತಿದ್ದುದು ಒಂದು ಮಾತಾಡುವ ಪರದೆ. ಪರದೆಯ ಮುಂದೆ ನಿಂತರೆ ಒಂದು ಮನೆಯ ಬಾಗಿಲು ತೆರೆಯುತ್ತದೆ, ಒಬ್ಬ ಹೆಂಗಸು ಬಂದು ಮಾತಾಡಿಸುತ್ತಾಳೆ, ನಾವು ಅತಿಥಿಗಳಾಗಿ ಬಾಯಿಬಿಟ್ಟು ಉತ್ತರ ಕೊಡಬೇಕು. ಪರವೂರಿನವರು ಹೀಗೆ ನೆಂಟರಂತೆ ಹೋಗಿಬಂದು ಕನ್ನಡ ಕಲಿಯಲಿ ಎಂಬುದು ಅವಳ ಆಸೆ. ಇಂಥ ಹೊಸ ಮಾಧ್ಯಮಗಳ ಸಂಶೋಧನೆಗೆಂದೇ ದಿಲ್ಲಿಯವರು ಒಂದು ರಾಷ್ಟ್ರೀಯ ಯೋಜನೆ ತೆಗೆದಿದ್ದರು. ನಮ್ಮ ಭಾಗದಿಂದ ಒಂದೇ ತಂಡಕ್ಕೆ ಜಾಗ. ಆಯ್ಕೆಯಾದರೆ ಎರಡು ವರ್ಷ ಯಂತ್ರ, ಖರ್ಚು, ಹೇಳಿಕೊಡುವವರು ಎಲ್ಲ ಅವರದೇ. ಆಗದಿದ್ದರೆ ಮಾಳಿಗೆಗೆ ಬೀಗ ಹಾಕಿ ಡಿಪ್ಲೊಮಾ ಕಾಲೇಜಿನ ಪಾಠಕ್ಕೆ ಹೋಗುತ್ತೇನೆಂದು ಸುಮಾ ತನ್ನ ಅಪ್ಪನಿಗೆ ಮಾತು ಕೊಟ್ಟಿದ್ದಳು.

“ಅತ್ತೆ, ಪರದೆ ಮನೆಯವಳಿಗೆ ನಿನ್ನ ದನಿ ಬೇಕಾಗಿತ್ತು. ಮಾತೂ ನೀನೇ ಬರ್ಕೊಡು,” ಎಂದಳು.

ನಾನು ಬಿಡುತ್ತೇನೆಯೇ? ಆ ದಿನವೇ ಇನ್ನೂರು ಪುಟದ ನೋಟ್‌ಬುಕ್ ತಂದೆ. ಮೇಲೆ ‘ಭಾಷಾ ಸಲಹೆಗಾರರು’ ಎಂದು ನನ್ನ ಹೆಸರು ಬರೆದೆ. ಒಳಗೆ ಯಂತ್ರ ಪಾಲಿಸತಕ್ಕ ನಿಯಮಗಳು. ‘ಅತಿಥಿಯ ಮಾತಿನಲ್ಲಿ ಇಲ್ಲ ಎಂದು ಬಂದರೆ ನಿರಾಕರಣೆ ಎಂದು ತಿಳಿಯತಕ್ಕದ್ದು. ಇಲ್ಲೆ ಎಂಬ ಅಶುದ್ಧ ರೂಪ ಬಂದರೂ ಹಾಗೆಯೇ, ಜೊತೆಗೆ ತಿದ್ದತಕ್ಕದ್ದು. ಬರುತ್ತೇನೆ ಎಂದರೆ ಆಗಮನ. ಹೋಗುತ್ತೇನೆ ಎಂದರೆ ನಿರ್ಗಮನ.’ ವ್ಯಾಕರಣದ ದೃಷ್ಟಿಯಿಂದ ಒಂದು ತಪ್ಪು ಹುಡುಕಿ ನೋಡೋಣ.

ಆಮೇಲೆ ಒಂದು ವಾರ ಮಾಳಿಗೆಯಲ್ಲಿ ಕೂತು ದನಿ ಕೊಟ್ಟೆ. ಕೆಳಗೆ ಗಿರಣಿ ಶುರುವಾದರೆ ನಿಲ್ಲಿಸುವುದು, ಗೋದಿ ಮುಗಿದರೆ ಮುಂದುವರಿಸುವುದು.

ಮೊದಲ ಪರೀಕ್ಷೆ ನಮ್ಮ ಮನೆಯಲ್ಲೇ ಆಯಿತು. ನಮ್ಮ ಯಜಮಾನರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಅವರನ್ನು ಪರದೆಯ ಮುಂದೆ ನಿಲ್ಲಿಸಿದೆವು.

“ತಮಗೆ ಚಹಾ ಬೇಕೇ?” ಎಂದು ನನ್ನ ದನಿ ಕೇಳಿತು.

“ಅಡ್ಡಿಲ್ಲೆ,” ಎಂದರು ಇವರು.

ನಮ್ಮ ಕಡೆ ‘ಅಡ್ಡಿಲ್ಲೆ’ ಎಂದರೆ ಆಗಬಹುದು, ಕೊಡಿ ಎಂದು. ಯಂತ್ರಕ್ಕೆ ಕೇಳಿಸಿದ್ದು ಕೊನೆಯ ‘ಇಲ್ಲೆ’ ಮಾತ್ರ. “ಇಲ್ಲೆ ಎಂಬುದು ತಪ್ಪು, ಇಲ್ಲ ಎನ್ನಿ. ಚಹಾ ಬೇಡವೆಂದು ತಿಳಿದೆ,” ಎಂದಿತು.

“ಇಷ್ಟ್ ವರ್ಷ ಒಬ್ಳು ತಿದ್ತಿದ್ರೂ ಚಾ ಆದ್ರೂ ಕೊಡ್ತಿತ್ತು. ಇದು ಅದ್ನೂ ಕೊಡ್ತಿಲ್ಯಲೆ,” ಎಂದು ಇವರು ಹೊರಟೇಹೋದರು.

ಸುಮಾ ನನ್ನ ಮುಖ ನೋಡಿದಳು. “ಅತ್ತೆ, ಅಡ್ಡಿಲ್ಲೆ ಅನ್ನದನ್ನೂ ಸೇರ್ಸನ. ಎಲ್ಲರೂ ಹಾಂಗೇ ಹೇಳ್ತ.”

“ಅಂದ್ರೆ ಅನ್ನಲಿ. ದೇಶದ ಎದುರಿಗೆ ಹೋಪ ಭಾಷೆ ಚೊಕ್ಕ ಇರವು,” ಎಂದೆ.

ಅವಳು ಎಂಟನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿನಿಯೂ ಆಗಿದ್ದವಳು. ನಿಯಮವನ್ನು ಹಾಗೆಯೇ ಬಿಟ್ಟಳು. ಅತಿಥಿ ಹೊರಡುವ ಭಾಗವನ್ನಂತೂ ಯಾರೂ ಪರೀಕ್ಷೆ ಮಾಡಲೇ ಇಲ್ಲ. ಸಾಕೆನಿಸಿದಾಗ ಹುಡುಗಿಯರು ಗುಂಡಿ ಒತ್ತಿ ಆರಿಸುತ್ತಿದ್ದರು.

ಆಯ್ಕೆ ಸಮಿತಿ ಶಿರಸಿಗೆ ಬಂದು ಒಂದು ಸಭಾಂಗಣದಲ್ಲಿ ಕೂತಿತು. ದಿಲ್ಲಿಯ ಒಬ್ಬ ಮೇಡಂ ಅಧ್ಯಕ್ಷರು, ಜೊತೆಗೆ ಬೆಂಗಳೂರಿನ ಒಬ್ಬ ಅಧಿಕಾರಿ. ಆತ ಕನ್ನಡದವರು, ಮೇಡಂಗೆ ಎಲ್ಲವನ್ನೂ ತರ್ಜುಮೆ ಮಾಡಿ ಹೇಳುತ್ತಿದ್ದರು. ಯಲ್ಲಾಪುರದ ಇನ್ನೊಂದು ತಂಡ ಆಗಲೇ ತನ್ನದನ್ನು ತೋರಿಸಿ ಚಪ್ಪಾಳೆ ಹೊಡೆಸಿಕೊಂಡಿತ್ತು. ಸುಮಾ ಮೂರನೆಯ ಸಲ ಪ್ಲಗ್ ನೋಡಿಬಂದಳು. “ಹೆದರಡ, ಆನಿದ್ದೆ,” ಎಂದೆ. ಹೆದರಬೇಕಾಗಿದ್ದೇ ನಾನಿದ್ದುದಕ್ಕೆ.

“ನೀವು ತೋರಿಸುವುದು ಬೇಡ. ಈ ಊರಿನ ಯಾರಾದರೂ ಮಾತಾಡಲಿ,” ಎಂದರು ಮೇಡಂ. ಸಭೆಗೆ ಊಟ ತಂದಿದ್ದ ತ್ಯಾಗಲಿ ಕಡೆಯ ದೇವಕ್ಕನನ್ನು ಕರೆದರು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನಿಂತಳು.

“ತಮಗೆ ಚಹಾ ಬೇಕೇ?”

“ಅಡ್ಡಿಲ್ಲ, ಕೊಡಿ,” ಎಂದಳು ದೇವಕ್ಕ.

“ಇಲ್ಲ ಎಂದಿರಿ. ಚಹಾ ಬೇಡವೆಂದು ತಿಳಿದೆ.”

“ಬ್ಯಾಡ ಅಂದೋರು ಯಾರು? ಕೇಳಿದ್ದು ನೀವೇಯ, ಇಲ್ಲ ಅಂದಿದ್ದೂ ನೀವೇಯ. ಇಂಥ ಮನೀಗೆ ನಾ ಬರೂದಿಲ್ಲ,” ಎಂದು ಆಕೆ ಅನ್ನದ ಪಾತ್ರೆಯ ಕಡೆಗೆ ನಡೆದಳು.

ಅಲ್ಲಿಗೆ ಬಿಟ್ಟಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ನಾನು ಎದ್ದುನಿಂತು, “ಅಭ್ಯಾಸವಿಲ್ಲದವರಿಗೆ ಹೀಗಾಗುವುದು ಸಹಜ. ಅಪ್ಪಣೆಯಾದರೆ ನಾನು ಮಾತಾಡಿ ತೋರಿಸುತ್ತೇನೆ,” ಎಂದೆ. ಅಪ್ಪಣೆಯಾಯಿತು.

ಶುರು ಚೆನ್ನಾಗಿಯೇ ಆಯಿತು. “ನಮಸ್ಕಾರ. ತಮ್ಮ ಮನೆಗೆ ಬಂದದ್ದು ನನಗೆ ಸಂತೋಷವಾಗಿದೆ. ನನಗೆ ಚಹಾ ಬೇಕು,” ಎಂದೆ. ಚಹಾ ಬಂತು. ಮೇಡಂ ತಲೆಯಾಡಿಸಿದರು. ಪರದೆಯ ಹೆಂಗಸು ನನ್ನದೇ ದನಿಯಲ್ಲಿ ಮಕ್ಕಳುಮರಿಗಳನ್ನು ವಿಚಾರಿಸಿದಳು, ಮಂಡಿನೋವು ಹೇಗಿದೆಯೆಂದಳು. ಮಂಡಿನೋವು ಕೇಳಿದವರ ಎದುರು ಯಾರಿಗೆ ವ್ಯಾಕರಣ ನೆನಪಿರುತ್ತದೆ? ನಾಲ್ಕು ಮಾತಿನೊಳಗೆ ನಾನು ಸಭೆಯನ್ನು ಮರೆತೆ. ನಿಜವಾಗಿಯೂ ಯಾರದೋ ಜಗುಲಿಯಲ್ಲಿ ಕೂತಂತೆ ಆಯಿತು. ಹೊರಡುವ ಹೊತ್ತಿಗೆ ಕೈಮುಗಿದು ಎಂದಿನಂತೆ ಹೇಳಿದೆ.

“ಆತು, ಆನು ಬರ್ತೆ.”

“ಬನ್ನಿ, ಬನ್ನಿ. ಕಾಲು ತೊಳೆದುಕೊಂಡು ಒಳಗೆ ಬನ್ನಿ. ತಮಗೆ ಚಹಾ ಬೇಕೇ?” ಎಂದಳು ಪರದೆಯವಳು.

“ಈಗಷ್ಟೇ ಕುಡದ್ನಲೆ. ಬರ್ತೆ.”

“ಬನ್ನಿ, ಬನ್ನಿ. ಕಾಲು ತೊಳೆದುಕೊಂಡು ಒಳಗೆ ಬನ್ನಿ.”

ಹಿಂದಿನಿಂದ ಯಾರೋ ನಕ್ಕರು. ನಾನು ಸ್ವಲ್ಪ ಗಟ್ಟಿಯಾಗಿ, ಇಸ್ತ್ರಿ ಮಾಡಿದ ಕನ್ನಡದಲ್ಲಿ, “ನಾನು ಬರುತ್ತೇನೆ,” ಎಂದೆ. ಆಕೆ ಇನ್ನೂ ಆದರದಿಂದ ಚಹಾ ತಂದಳು. ನಾಲ್ಕನೆಯ ಲೋಟ ಬರುವಾಗ ಸುಮಾ ಪಕ್ಕದಿಂದ ಪಿಸುಗುಟ್ಟಿದಳು. “ಅತ್ತೆ, ಹೋಗ್ತೆ ಅನ್ನು. ನೀನೇ ಬರದ್ದು. ಹೋಗ್ತೆ ಅಂದ್ರೆ ಬಿಡ್ತು.”

ಹೋಗ್ತೆ ಎನ್ನಬೇಕಂತೆ! ಆ ಹುಡುಗಿಯರು ಪರದೆಯ ಮನೆಯಲ್ಲಿ ದೇವರ ಮುಂದೆ ದೀಪ ಬೇರೆ ಹಚ್ಚಿಟ್ಟಿದ್ದರು. ದೀಪ ಉರಿಯುವ ಮನೆಯ ಹೊಸ್ತಿಲಲ್ಲಿ ನಿಂತು ‘ಹೋಗ್ತೆ’ ಎನ್ನುವುದುಂಟೇ? ಜಗಳವಾಡಿ ಎದ್ದುಹೋಗುವವರು ಅಂದಾರು, ಇಲ್ಲವೇ ವಾಪಸ್ ಬಾರದವರು. ನನ್ನ ಅಬ್ಬೆ ಕೇಳಿದ್ದರೆ ಬಾಯಿಗೆ ಹೊಡೆಯುತ್ತಿದ್ದಳು. ಬಾಯಿ ತೆರೆದೆ. ‘ಹೋ’ ಬಂತು. ಮುಂದಿನದು ಬರಲಿಲ್ಲ. “ಹೋ... ಹೋಗಿ ಬರ್ತೆ,” ಎಂದೆ.

“ಬನ್ನಿ, ಬನ್ನಿ,” ಎಂದಳು ಆಕೆ.

ಸುಮಾ ಹೋಗಿ ಪ್ಲಗ್ ಕಿತ್ತಳು. ಸಭೆಗೆ ಸಭೆಯೇ ನಗುತ್ತಿತ್ತು. ಅಧಿಕಾರಿ ಕಣ್ಣೊರೆಸಿಕೊಳ್ಳುತ್ತ ಮೇಡಂಗೆ ವಿವರಿಸಿದರು: “ನಮ್ಮಲ್ಲಿ ಹೊರಡುವವರು ಬರುತ್ತೇನೆ ಎನ್ನುತ್ತಾರೆ. ಇವರ ಯಂತ್ರಕ್ಕೆ ಅದು ಗೊತ್ತಿಲ್ಲ.” ಮೇಡಂ ನಗಲಿಲ್ಲ, ಏನನ್ನೋ ಬರೆದುಕೊಂಡರು. ಮೆಟ್ಟಿಲಿಳಿಯುವಾಗ ಸುಮಾ ನನ್ನ ಚೀಲ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ನನ್ನ ಜಂಬಕ್ಕೆ ಮಗುವಿನ ಎರಡು ವರ್ಷ ಹೋಯಿತಲ್ಲ! ಆ ವಾರವೆಲ್ಲ ಊಟ ಸೇರಲಿಲ್ಲ.

ಹದಿನೈದು ದಿನದ ಮೇಲೆ ಸುಮಾ ಸಿದ್ದಾಪುರಕ್ಕೆ ಬಂದಳು. ಕೈಯಲ್ಲಿ ಆಯ್ಕೆಯ ಕಾಗದ. “ಅತ್ತೆ, ಯಂಗಕ್ಕೇ ಸಿಕ್ಕಿದ್ದು.” ನಾನು ಅವಳನ್ನು ಅಪ್ಪಿಕೊಂಡು ಅತ್ತೇಬಿಟ್ಟೆ. ಮಾತಿನ ಅರ್ಥ ಹೀಗೆ ತಿರುಗುವುದನ್ನು ಯಂತ್ರಕ್ಕೆ ಕಲಿಸುವುದೇ ನಿಜವಾದ ಸಂಶೋಧನೆ ಎಂದು ಸಮಿತಿ ಬರೆದಿತ್ತಂತೆ. “ನೋಡಿದ್ಯ, ಎಲ್ಲ ನನ್ನಿಂದಲೇ ಆತು,” ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ತಲೆ ತಗ್ಗಿಸಿ, “ಒಂದು ಷರತ್ತು ಇದ್ದು,” ಎಂದಳು.

ಭಾಷಾ ಸಲಹೆಗಾರರನ್ನು ಬದಲಾಯಿಸತಕ್ಕದ್ದು. ಜನ ಆಡುವ ಮಾತು ಬಲ್ಲವರನ್ನು ಇಟ್ಟುಕೊಳ್ಳತಕ್ಕದ್ದು.

“ಯಾರು ಸಿಗ್ತ?” ಎಂದೆ.

“ಮಾವನ ಕೇಳನ ಹೇಳಿ ಬಂದಿ,” ಎಂದಳು. ಮಾವ ಎಂದರೆ ನಮ್ಮ ಯಜಮಾನರೇ, ಬಸ್ ನಿಲ್ದಾಣದಲ್ಲಿ ಮೂರು ತಾಲ್ಲೂಕಿನ ಜನರ ಬಾಯಿ ಕೇಳಿದ ಮನುಷ್ಯ. “ಅಡ್ಡಿಲ್ಲೆ,” ಎಂದರು ಇವರು, ಪೇಪರಿನಿಂದ ಮುಖ ಎತ್ತದೆ.

ದನಿ ಮಾತ್ರ ನನ್ನದೇ ಇರಲಿ ಎಂದಿದ್ದರು ಸಮಿತಿಯವರು. ಹಾಗಾಗಿ ಈಗ ವಾರಕ್ಕೆರಡು ದಿನ ಇಬ್ಬರೂ ಶಿರಸಿ ಬಸ್ಸು ಹತ್ತುತ್ತೇವೆ. ಮಾಳಿಗೆಯಲ್ಲಿ ಇವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ, ನಾನು ಮೈಕಿನ ಮುಂದೆ ನಿಲ್ಲುತ್ತೇನೆ. ಮೊನ್ನೆ ‘ಅಡ್ಡಿಲ್ಲೆ’ ಎಂಬ ಒಂದೇ ಮಾತನ್ನು ನನ್ನಿಂದ ಆರು ಸಲ ಹೇಳಿಸಿದರು. ಆರನೆಯದಕ್ಕೂ ತಲೆ ಅಲ್ಲಾಡಿಸಿದರು.

“ಇನ್ನೂ ಪುಸ್ತಕ ಓದಿದಾಂಗೆ ಇದ್ದು. ಇನ್ನೊಂದ್ಸಲ ಹೇಳು.”

ನಾನು ಇನ್ನೊಂದು ಸಲ ಹೇಳಿದೆ.