ಬೆಣ್ಣೆ ಕರೆತಂದ ಮೂವರು

ದಪ್ಪ ಎನ್ನುವ ಮಾತಿನಲ್ಲಿ ಇರುವುದು ಎರಡೇ ಅಕ್ಷರ. ಆದರೂ ಆ ದಿನ ಬೆಳಗ್ಗೆ ಅದು ಬೆಣ್ಣೆಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಕೂತುಬಿಟ್ಟಿತು.

ಬೆಣ್ಣೆ ಎನ್ನುವುದು ಅಂಗಡಿಯವರು ಇಟ್ಟ ಹೆಸರು. ಮೂರಂತಸ್ತಿನ ಆ ಬಟ್ಟೆ ಅಂಗಡಿಯ ಜಾಹೀರಾತು ವಿಭಾಗದಲ್ಲಿ ಅವನು ಹಂಗಾಮಿ ನೌಕರ. ಯಾರ ಮನಸ್ಸಿಗೂ ನೋವಾಗುವ ಮಾತು ಅವನ ಬಾಯಿಂದ ಹೊರಟದ್ದಿಲ್ಲ. ಯಾರಾದರೂ ಅವನ ಕಾಲು ತುಳಿದರೆ, ನಿಮ್ಮ ಶೂ ಕೆಳಗೆ ನನ್ನ ಕಾಲು ಬಂತು, ಕ್ಷಮಿಸಿ ಎನ್ನುವ ಪೈಕಿ.

ಮುಳ್ಳು ಚುಚ್ಚಿದವರು ಯಜಮಾನರು. ಬೆಳಗ್ಗೆ ಅವನನ್ನು ಕರೆಸಿ ಗೋಡೆಯ ಪೋಸ್ಟರುಗಳಲ್ಲಿದ್ದ ತೆಳ್ಳನೆಯ ಮಾಡೆಲ್‌ಗಳತ್ತ ಕೈ ತೋರಿಸಿದರು.

"ಈ ಕಡ್ಡಿಗಳನ್ನ ನೋಡಿ ನೋಡಿ ಸಾಕಾಯ್ತಪ್ಪ. ನಿನ್ನೆ ಒಬ್ಬರು ಹೆಂಗಸು ಬಾಗಿಲವರೆಗೂ ಬಂದು, ಪೋಸ್ಟರ್ ನೋಡಿ, ಇದು ನಮ್ಮಂಥವರ ಅಂಗಡಿ ಅಲ್ಲ ಅಂತ ಹಾಗೇ ವಾಪಸ್ ಹೋದ್ರು. ಇನ್ಮೇಲೆ ನಮ್ಮ ಜಾಹೀರಾತಲ್ಲಿ ಎಲ್ಲಾ ಥರದ ಜನ ಇರ್ಬೇಕು. ದಪ್ಪಗಿರೋರು ಒಬ್ಬರು, ಕುಳ್ಳಗಿರೋರು ಒಬ್ಬರು, ತಲೆ ಬೋಳಾಗಿರೋರು ಒಬ್ಬರು. ಮಧ್ಯಾಹ್ನ ಫೋಟೋಗ್ರಾಫರ್ ಬರ್ತಾರೆ. ಅಷ್ಟರಲ್ಲಿ ಕರ್ಕೊಂಡು ಬಾ. ಇದು ಸರಿಯಾಗಿ ಆದ್ರೆ ಜನರನ್ನ ಆರಿಸೋದಕ್ಕೆ ಅಂತಲೇ ಒಂದು ಖಾಯಂ ಹುದ್ದೆ ಮಾಡ್ತೀನಿ."

ಖಾಯಂ ಎಂಬ ಮಾತು ಕಿವಿಗೆ ಬಿದ್ದದ್ದೇ ಬೆಣ್ಣೆ ಕರಗಿ ತುಪ್ಪವಾದ. ಅದಕ್ಕೆ ಕಾರಣ ಕೆಳಗಿನ ಬಿಲ್ ಕೌಂಟರಿನಲ್ಲಿ ಕೂತಿದ್ದಳು. ಅವನ ಮನೆಯ ಮೇಲಿನ ಮಹಡಿಯಲ್ಲೇ ಅವಳ ಮನೆ. ಇಬ್ಬರೂ ಮದುವೆಗೆ ಒಪ್ಪಿ ವರ್ಷವಾಗುತ್ತ ಬಂದಿತ್ತು. ಅವಳ ತಾಯಿ ಮಾತ್ರ ಒಂದೇ ಮಾತು ಹಿಡಿದು ಕೂತಿದ್ದರು. ಒಮ್ಮೆ ಇವನು ಸಲಿಗೆಯಿಂದ ಅತ್ತೆ ಎಂದು ಕರೆದಾಗ ಆಕೆ ಕನ್ನಡಕದ ಮೇಲಿನಿಂದ ನೋಡಿ, "ಸದ್ಯಕ್ಕೆ ಆಂಟಿ ಅನ್ನು. ಕೆಲಸ ಖಾಯಂ ಆದ್ಮೇಲೆ ಅತ್ತೆ ಅನ್ನುವಿಯಂತೆ" ಎಂದಿದ್ದರು.

ಈಗ ಪೇಚು ಏನೆಂದರೆ, ಬೆಣ್ಣೆಗೆ ಗೊತ್ತಿದ್ದವರಲ್ಲಿ ಯಜಮಾನರು ಕೇಳಿದ ಮೊದಲ ಥರಕ್ಕೆ ಸೇರುವವರು ಆಕೆಯೊಬ್ಬರೇ. ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಆಗಿ ನಿವೃತ್ತರಾದ ಆಕೆ ಮೆಟ್ಟಿಲು ಇಳಿಯುತ್ತಿದ್ದರೆ ಎದುರು ಬಂದವರು ಹಿಂದಕ್ಕೆ ಹೋಗಿ ಕೆಳಗೆ ಕಾಯಬೇಕಿತ್ತು.

ಕರೆಯದಿದ್ದರೆ ಕೆಲಸ ಇಲ್ಲ. ಕರೆದು ಕಾರಣ ಹೇಳಿದರೆ ಹೆಂಡತಿ ಇಲ್ಲ. ಬೆಣ್ಣೆ ಮನೆಗೆ ಹೋಗಿ, ಮಹಡಿ ಹತ್ತಿ ಆಕೆಯ ಬಾಗಿಲು ತಟ್ಟಿದ.

"ಆಂಟಿ, ನಮ್ಮ ಅಂಗಡಿ ಜಾಹೀರಾತಿಗೆ ನಿಮ್ಮ ಫೋಟೋ ಬೇಕಂತೆ."

"ನನ್ನದಾ? ಯಾಕೆ?"

"ನಿಮ್ಮ ಮುಖದಲ್ಲಿ ಒಂದು ಗಾಂಭೀರ್ಯ ಇದೆ, ಅದಕ್ಕೆ."

"ಮುಖಕ್ಕೆ ಬಟ್ಟೆ ಹಾಕ್ತಾರೇನೋ?"

"ಬಟ್ಟೆಗೂ ಒಂದು ಗಾಂಭೀರ್ಯ ಬರಲಿ ಅಂತ ಆಂಟಿ."

ಆಕೆ ಅವನನ್ನು ಒಂದು ಗಳಿಗೆ ಜ್ವರ ನೋಡುವ ಹಾಗೆ ನೋಡಿ, ಆಗಲಿ, ಬರ್ತೀನಿ ಎಂದರು.

ಕೆಳಮನೆಯ ಡ್ರಿಲ್ ಮಾಸ್ತರರ ತಲೆ ಸ್ಟೀಲ್ ತಟ್ಟೆಯಷ್ಟು ಹೊಳೆಯುತ್ತಿತ್ತು. ಅವರಿಗೆ, ನಿಮ್ಮ ನಿಲುವು ನೋಡಿ ಯಜಮಾನರು ಮರುಳಾದರು ಎಂದ. ಪಕ್ಕದ ಮನೆಯ ಬಸ್ ಡ್ರೈವರ್ ಎಷ್ಟು ಗಿಡ್ಡ ಎಂದರೆ, ದೂರದಿಂದ ನೋಡಿದವರಿಗೆ ಬಸ್ಸು ತಾನಾಗಿಯೇ ಬರುತ್ತಿದೆ ಅನ್ನಿಸುತ್ತಿತ್ತು. ಅವನಿಗೆ, ಅಣ್ಣಾ, ನಿನ್ನ ಕಣ್ಣಲ್ಲಿ ಏನೋ ಇದೆ ಎಂದ.

"ನಿದ್ದೆ ಇದೆ, ಬೆಳಗಿನ ಪಾಳಿ ಮುಗಿಸಿ ಬಂದಿದೀನಿ" ಎಂದು ಡ್ರೈವರ್ ಆಕಳಿಸಿದ. ಆದರೂ ಒಪ್ಪಿದ.

ಮಧ್ಯಾಹ್ನ ಮೂವರೂ ಅಂಗಡಿಯ ಮೂರನೇ ಅಂತಸ್ತಿಗೆ ಬಂದರು. ಮಾಸ್ತರರ ತಲೆಯ ಮೇಲೆ ಕಾಗೆ ಗೂಡಿನಂಥ ಕಪ್ಪು ಟೋಪನ್ ಕೂತಿತ್ತು. ಡ್ರೈವರ್ ಎಲ್ಲಿಂದಲೋ ಎತ್ತರದ ಹಿಮ್ಮಡಿಯ ಬೂಟು ತಂದು ಹಾಕಿಕೊಂಡು, ಹಗ್ಗದ ಮೇಲೆ ನಡೆಯುವವನ ಹಾಗೆ ಹೆಜ್ಜೆ ಇಡುತ್ತಿದ್ದ. ಆಂಟಿ ತೆಳ್ಳಗೆ ಕಾಣಲೆಂದು ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟು, ನಡುವಿಗೆ ಅಗಲದ ಬೆಲ್ಟ್ ಬಿಗಿದು, ಉಸಿರನ್ನು ಸಾಲ ತಂದವರ ಹಾಗೆ ಸ್ವಲ್ಪ ಸ್ವಲ್ಪವೇ ಬಳಸುತ್ತಿದ್ದರು.

ಯಜಮಾನರು ಬೆಣ್ಣೆಯನ್ನು ಮೂಲೆಗೆ ಎಳೆದರು. "ಏನಪ್ಪಾ ಇದು? ಬೋಳು ಎಲ್ಲಿ? ಕುಳ್ಳ ಎಲ್ಲಿ?"

"ಒಳಗೆ ಇದೆ ಸಾರ್. ಹೊರಗೆ ತರ್ತೀನಿ."

ಟೋಪನ್ ತೆಗೆಯಿರಿ ಎಂದು ಹೇಳುವುದು ಅವನಿಂದಾಗದ ಮಾತು. ತುಂಬಾ ಸೆಖೆ ಅಲ್ವಾ ಮಾಸ್ತರೇ ಎನ್ನುತ್ತಾ ದೊಡ್ಡ ಫ್ಯಾನನ್ನು ಅವರತ್ತ ತಿರುಗಿಸಿ ಪೂರ್ತಿ ವೇಗಕ್ಕೆ ಹಾಕಿದ. ಟೋಪನ್ ಅಲುಗಲಿಲ್ಲ. ಹಿಂದೆ ತೂಗುಹಾಕಿದ್ದ ಬಿಳಿ ಪರದೆ ಕಿತ್ತು ಬಂದು ಫೋಟೋಗ್ರಾಫರನ್ನು ಕ್ಯಾಮೆರಾ ಸಮೇತ ಸುತ್ತಿಕೊಂಡಿತು. ಆತನನ್ನು ಬಿಡಿಸಿದ ಮೇಲೆ ಬೆಣ್ಣೆ ಡ್ರೈವರನ ಹತ್ತಿರ ಹೋಗಿ, ನೆಲ ಈಗಷ್ಟೇ ಒರೆಸಿದ್ದಾರೆ, ಬೂಟು ಬಿಟ್ಟರೆ ಒಳ್ಳೆಯದು ಎಂದ. ಡ್ರೈವರ್ ಬಹಳ ಮರ್ಯಾದಸ್ಥ. ಹಾಗಾದರೆ ನೆಲದ ಮೇಲೆ ಯಾಕೆ ಎಂದು ಬೂಟು ಸಮೇತ ಕುರ್ಚಿ ಹತ್ತಿ ನಿಂತ. ಈಗ ಆ ಕೋಣೆಯಲ್ಲಿ ಅವನಿಗಿಂತ ಎತ್ತರದವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಬಟ್ಟೆ ಬದಲಿಸುವ ಕೋಣೆಯಿಂದ ಆಂಟಿಯ ದನಿ ಬಂತು.

"ಏನೋ, ಇದು ನನ್ನ ತೋಳಿಗೇ ಸಾಕಾಗ್ತಿಲ್ಲ. ದೊಡ್ಡದು ಕೊಡು."

ಬೆಣ್ಣೆ ಅಂಗಡಿಯ ಅತಿ ದೊಡ್ಡ ಅಳತೆಯ ಉಡುಪನ್ನೇ ಕೊಟ್ಟಿದ್ದ. ಎಲ್ಲಾ ಥರದ ಜನರ ಫೋಟೋ ತೆಗೆಯಬೇಕೆಂದು ಯೋಚಿಸಿದ ಯಜಮಾನರಿಗೆ ಎಲ್ಲಾ ಥರದ ಜನರಿಗೂ ಬಟ್ಟೆ ಹೊಲಿಸಬೇಕೆಂದು ಹೊಳೆದೇ ಇರಲಿಲ್ಲ.

"ಆಂಟಿ, ಅದು ಒಗೆದಾಗ ಕುಗ್ಗಿದೆ ಅನ್ಸುತ್ತೆ."

"ಹೊಸಾ ಬಟ್ಟೆ ಯಾಕೋ ಒಗೆದ್ರಿ?"

"ಗೋದಾಮಲ್ಲಿ ಸ್ವಲ್ಪ ಥಂಡಿ ಜಾಸ್ತಿ. ಥಂಡಿಗೆ ಬಟ್ಟೆ ಮುದುಡಿಕೊಳ್ಳುತ್ತೆ."

ಒಳಗೆ ಏನೋ ಟಪ್ಪೆಂದಿತು. ಬಿಗಿದಿದ್ದ ಬೆಲ್ಟು ಹರಿದು ಬಾಗಿಲ ಕೆಳಗಿನಿಂದ ಹಾವಿನಂತೆ ಹೊರಬಂತು. ಅದರ ಹಿಂದೆಯೇ ತಮ್ಮ ಕಪ್ಪು ಉಡುಪಿನಲ್ಲಿ ಆಂಟಿ ಬಂದರು. ಎಷ್ಟೋ ಹೊತ್ತಿನ ನಂತರ ಮೊದಲ ಬಾರಿ ತುಂಬು ಉಸಿರು ಎಳೆದುಕೊಂಡರು.

"ನಿಲ್ಲು ಇಲ್ಲಿ. ನನ್ನನ್ನ ಯಾಕೆ ಕರೆದೆ, ಸರಿಯಾಗಿ ಹೇಳು."

"ಗಾಂಭೀರ್ಯ..."

"ದಪ್ಪಗಿದ್ದೀನಿ ಅಂತ ತಾನೆ?"

ಬೆಣ್ಣೆ ನೆಲ ನೋಡಿದ. ಅವನ ಮದುವೆಯ ಛತ್ರ ಕಣ್ಣೆದುರೇ ಇಟ್ಟಿಗೆ ಇಟ್ಟಿಗೆಯಾಗಿ ಕುಸಿಯುತ್ತಿತ್ತು.

"ನಮ್ಮ ಮನೇಲೂ ಕನ್ನಡಿ ಇದೆ ಕಣೋ. ನಾನು ದಪ್ಪ, ಇವರು ಬೋಳು, ಅವನು ಕುಳ್ಳ. ಇದೇನು ಯಾರಿಗೂ ಗೊತ್ತಿಲ್ಲದ ಗುಟ್ಟಾ? ನೀನು ಆ ಮಾತನ್ನ ಅಷ್ಟು ಮುಚ್ಚಿಟ್ಟೆ ನೋಡು, ಅದಕ್ಕೇ ನಾವೂ ಮುಚ್ಚಿಕೊಂಡು ಬಂದ್ವಿ."

ಮಾಸ್ತರರು ಟೋಪನ್ ಕಿತ್ತು ಮೂಲೆಗೆ ಒಗೆದರು. "ಅಬ್ಬ, ಜೀವ ಬಂತು. ಅಂಟು ಹಾಕಿದ್ದೆ, ನಿನ್ನ ಫ್ಯಾನು ಏನು ಮಾಡೀತು?" ಡ್ರೈವರ್ ಬೂಟು ಬಿಚ್ಚಿ ಬರಿಗಾಲಲ್ಲಿ ಇಳಿದು, ಕಾಲ್ಬೆರಳು ಆಡಿಸುತ್ತಾ, "ಮೊದಲೇ ಹೇಳಿದ್ರೆ ಚಪ್ಪಲೀಲಿ ಬರ್ತಿದ್ದೆನಲ್ಲ ಮಾರಾಯ" ಎಂದ.

ಆಂಟಿ ಯಜಮಾನರತ್ತ ತಿರುಗಿದರು. "ಅಲ್ಲಾ ಸಾರ್, ದಪ್ಪಗಿರೋರನ್ನ ಫೋಟೋಗೆ ಕರೀತೀರಿ, ಬಟ್ಟೆ ಮಾತ್ರ ಕಡ್ಡಿಗಳಿಗೆ ಹೊಲಿಸ್ತೀರಿ. ನಾಳೆ ನನ್ನ ಪಟ ನೋಡಿ ಆಸೆಯಿಂದ ಒಳಗೆ ಬಂದೋಳ ಕೈಗೆ ಏನು ಕೊಡ್ತೀರಿ, ಕರ್ಚೀಫಾ?"

ಬಾಗಿಲವರೆಗೂ ಬಂದು ಮರಳಿದ ಆ ಹೆಂಗಸು ಯಜಮಾನರಿಗೆ ಈಗ ಸರಿಯಾಗಿ ಕಂಡಿರಬೇಕು. ಕೆಳಗಿನಿಂದ ದರ್ಜಿಯನ್ನು ಕರೆಸಿದರು. ಅವನು ಎರಡು ಉಡುಪುಗಳ ಹೊಲಿಗೆ ಬಿಚ್ಚಿ ಒಂದು ಮಾಡಿದ. ಆಂಟಿ ಅದನ್ನು ತೊಟ್ಟು, ಬೆಲ್ಟಿಲ್ಲದೆ, ಸೊಂಟದ ಮೇಲೆ ಕೈಯಿಟ್ಟು ನಿಂತರು. ಒಂದು ಕಡೆ ಮಾಸ್ತರರ ತಲೆ ದೀಪದಂತೆ ಬೆಳಗಿತು. ಇನ್ನೊಂದು ಕಡೆ ಡ್ರೈವರ್ ಯಾವುದೋ ಜೋಕಿಗೆ ಹೊಟ್ಟೆ ಹಿಡಿದು ನಗುತ್ತಿದ್ದ. ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿ, "ಇವತ್ತು ಯಾರಿಗೂ ನಗಿ ಅಂತ ಹೇಳೋ ಕೆಲಸವೇ ಬೀಳಲಿಲ್ಲ" ಎಂದ.

ಸಂಜೆ ಯಜಮಾನರು ಎಲ್ಲರನ್ನೂ ಕೂರಿಸಿ ಗಂಟಲು ಸರಿಪಡಿಸಿಕೊಂಡರು. ಬಿಲ್ ಕೌಂಟರಿನವಳೂ ಬಂದು ಬಾಗಿಲಲ್ಲಿ ನಿಂತಳು. ಬೆಣ್ಣೆ ಎದ್ದು ಅಂಗಿ ಎಳೆದುಕೊಂಡ.

"ಖಾಯಂ ಹುದ್ದೆಯ ವಿಷಯ. ಜನರನ್ನ ಆರಿಸಬೇಕು, ಇದ್ದದ್ದನ್ನ ಇದ್ದ ಹಾಗೆ ಹೇಳ್ಬೇಕು, ದರ್ಜಿಗಳ ಹತ್ತಿರ ಅಳತೆ ಸರಿ ಮಾಡಿಸ್ಬೇಕು. ಅದಕ್ಕೆ ತಕ್ಕವರು ಇವತ್ತು ಸಿಕ್ಕಿದ್ರು. ಅಮ್ಮ, ನೀವೇ ಒಪ್ಪಿಕೊಳ್ಳಿ."

ಆಂಟಿ ಒಪ್ಪಿಕೊಂಡರು. ಬೆಣ್ಣೆ ಎದ್ದಷ್ಟೇ ಮೆಲ್ಲಗೆ ಕೂತ.

"ಈ ಹುಡುಗ ನಿಮ್ಮ ಕೈಕೆಳಗೆ ಇರ್ತಾನೆ" ಎಂದರು ಯಜಮಾನರು. "ಇವನನ್ನ ಖಾಯಂ ಮಾಡೋದು ಬಿಡೋದು ಇನ್ಮೇಲೆ ನಿಮಗೆ ಸೇರಿದ್ದು."

ಬೆಣ್ಣೆಯ ಮುಖ ಮತ್ತೆ ಅರಳಿತು. ಇಷ್ಟು ಹತ್ತಿರದ ದಾರಿ ಇರುವಾಗ ಸುಮ್ಮನೆ ಊರೆಲ್ಲ ಸುತ್ತಿದೆನಲ್ಲ ಅನ್ನಿಸಿತು. ಆಂಟಿ ಮಾತ್ರ ಅಡ್ಡಡ್ಡ ತಲೆಯಾಡಿಸಿದರು.

"ಅದಾಗಲ್ಲ ಸಾರ್. ಇವನು ನನ್ನ ಅಳಿಯ ಆಗೋನು. ನಾನೇ ಇವನನ್ನ ಖಾಯಂ ಮಾಡಿದ್ರೆ ಜನ ಏನಂತಾರೆ? ಬಂದ ತಕ್ಷಣ ಅಳಿಯನಿಗೆ ಕೆಲಸ ಮಾಡ್ಕೊಟ್ಟಳು ಅಂತಾರೆ."

ಅಳಿಯ ಎಂಬ ಮಾತು ಆಕೆಯ ಬಾಯಿಂದ ಬಂದದ್ದು ಅದೇ ಮೊದಲು. ಬೆಣ್ಣೆ ಅದನ್ನೇ ಹಿಡಿದುಕೊಂಡ.

"ಹಾಗಾದ್ರೆ ಮದುವೆ, ಆಂಟಿ?"

"ಹಂಗಾಮಿ ನೌಕರನಿಗೆ ಮಗಳನ್ನ ಹೇಗಪ್ಪಾ ಕೊಡೋದು?"

ಡ್ರೈವರ್ ಲೆಕ್ಕ ಹಾಕುವವನಂತೆ ಬೆರಳು ಮಡಿಸಿ, ಬಿಚ್ಚಿ, ಕೈ ಬಿಟ್ಟ. ಬಾಗಿಲಲ್ಲಿದ್ದವಳು ನಗು ತಡೆದುಕೊಂಡು ಬೆಣ್ಣೆಯ ಪಕ್ಕಕ್ಕೆ ಬಂದು, ಕಿವಿಯಲ್ಲಿ, "ಇದು ಅನ್ಯಾಯ ಅಂತ ಅಮ್ಮನ ಮುಖಕ್ಕೆ ಹೇಳು. ಈಗಲೇ. ನೇರವಾಗಿ ಹೇಳೋರು ಅಂದ್ರೆ ಅವಳಿಗೆ ಇಷ್ಟ, ಕರಗಿಹೋಗ್ತಾಳೆ" ಎಂದಳು.

ಬೆಣ್ಣೆ ಎದ್ದು ನಿಂತ. ಮುಷ್ಟಿ ಬಿಗಿಹಿಡಿದ. ಇಡೀ ಕೋಣೆ ಅವನನ್ನೇ ನೋಡುತ್ತಿತ್ತು. ಆಂಟಿ ಕೂಡ ಏನನ್ನೋ ಕಾಯುವವರ ಹಾಗೆ ಕನ್ನಡಕ ತೆಗೆದರು.

"ಆಂಟಿ" ಎಂದ ಬೆಣ್ಣೆ, ಹುಟ್ಟಿದಾಗಿನಿಂದ ಆಡದಷ್ಟು ಗಟ್ಟಿ ದನಿಯಲ್ಲಿ, "ನೀವು ಹೇಳ್ತಿರೋದು ನೂರಕ್ಕೆ ನೂರು ಸರಿ."