ವರಮಹಾಲಕ್ಷ್ಮಿ ಹಬ್ಬಕ್ಕೆ ಗೂಬೆ ರಂಗೋಲಿ

ಮನೆ ಬಾಗಿಲಿಗೆ ಕೈಯಾರೆ ರಣಹದ್ದು ಬರೆದು, ಅದಕ್ಕೆ ಅರಿಶಿನ ಕುಂಕುಮವನ್ನೂ ಇಡುವ ಹೆಂಗಸು ಅಮೆರಿಕದ ಈ ಇಡೀ ಬೇ ಏರಿಯಾದಲ್ಲಿ ಒಬ್ಬಳೇ. ಏನು ಮಾಡಲಿ, ಅವಳು ನನ್ನ ದೊಡ್ಡಮ್ಮ!

ಇಲ್ಲಿನ ಎವರ್‌ಗ್ರೀನ್ ಬಡಾವಣೆಯಲ್ಲಿ ಮಗನ ಮನೆಯಲ್ಲಿರುವ ದೊಡ್ಡಮ್ಮನಿಗೆ ಈ ಹುಚ್ಚು ಹತ್ತಿದ್ದು ಮೊಮ್ಮಗಳಿಂದ. ಎರಡನೇ ಕ್ಲಾಸಿನ ಉಮಾಗೆ ಓದೆಂದರೆ ಅಳು. ಅಕ್ಷರಗಳು ತಿರುಗುಮುರುಗಾಗುತ್ತವೆ, ಕ್ಲಾಸಿನ ಮಕ್ಕಳು ನಗುತ್ತಾರೆ; ಪುಸ್ತಕ ಕಂಡರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಅಪ್ಪ ಅಮ್ಮ ಟ್ಯೂಷನ್ನು, ಆ್ಯಪು ಎಂದು ಓಡಾಡಿ ಸುಸ್ತಾದರು. ದೊಡ್ಡಮ್ಮ ಮಾತ್ರ ಲೈಬ್ರರಿಯಿಂದ ಪ್ರಾಚೀನ ಈಜಿಪ್ಟಿನ ಲಿಪಿಯ ಪುಸ್ತಕ ತಂದು ತಾನೂ ಮಂಚದ ಕೆಳಗೆ ತೂರಿದಳು. ಎಪ್ಪತ್ತು ದಾಟಿದ ಮೇಲೆ! ಹೊರಗೆಳೆಯಲು ಅವಳ ಮಗ, ನಮ್ಮಣ್ಣ, ಆಫೀಸು ಬಿಟ್ಟು ಬರಬೇಕಾಯಿತು.

"ನೋಡು ಪುಟ್ಟಿ, ಇವರಿಗೆ ಹಕ್ಕಿಗಳೂ ಅಕ್ಷರಾನೇ. ಲಾವಕ್ಕಿ ಮರಿ ಅಂದ್ರೆ ಉ, ಗೂಬೆ ಅಂದ್ರೆ ಮ, ರಣಹದ್ದು ಅಂದ್ರೆ ಆ, ಮೂರನ್ನೂ ಕೂರಿಸಿದ್ರೆ ನಿನ್ ಹೆಸ್ರು! ಎಡದಿಂದಾದ್ರೂ ಬರಿ, ಬಲದಿಂದಾದ್ರೂ ಬರಿ. ಹಕ್ಕಿ ಮುಖ ಯಾವ ಕಡೆಗಿದ್ಯೋ ಆ ಕಡೆಯಿಂದ ಓದೋದು, ಅಷ್ಟೇ."

"ಸೋ ಐ ಕಾಂಟ್ ಗೆಟ್ ಇಟ್ ಬ್ಯಾಕ್‌ವರ್ಡ್ಸ್?" ಉಮಾಗೆ ನಂಬಿಕೆಯೇ ಬರಲಿಲ್ಲ.

ಆಮೇಲೆ ಕೇಳಬೇಕೆ! ಫ್ರಿಜ್ಜಿನ ಮೇಲೆ ಹಕ್ಕಿ, ಗ್ರೋಸರಿ ಚೀಟಿಯಲ್ಲೂ ಹಕ್ಕಿ. ಉದ್ದಿನಬೇಳೆ ತರಲು ಹೋದ ಅಣ್ಣ ಚೀಟಿ ಓದಲಾಗದೆ ಬರಿಗೈಲಿ ಬಂದ. ವರಮಹಾಲಕ್ಷ್ಮಿ ಹಬ್ಬದ ದಿನ ಅಜ್ಜಿ ಮೊಮ್ಮಗಳು ಸೇರಿ ಉಮಾಳ ಹೆಸರನ್ನೇ ಬಾಗಿಲಿಗೆ ರಂಗೋಲಿ ಹಾಕಿದರು. ಅರಿಶಿನ ಕುಂಕುಮಕ್ಕೆ ಬಂದ ಮೈಸೂರಿನ ಹೆಂಗಸೊಬ್ಬರು ಅಲ್ಲೇ ಗಕ್ಕನೆ ನಿಂತರು.

"ಏನ್ರೀ ಇದು, ಹಬ್ಬದ ದಿನ ಬಾಗಿಲಲ್ಲಿ ಗೂಬೆ?"

"ಲಕ್ಷ್ಮಿ ವಾಹನ ಕಣ್ರೀ! ಇಲ್ಲಿ ಪಾರ್ಕ್ ಮಾಡಿ ಅವಳಾಗಲೇ ಒಳಗೆ ಕೂತಿದಾಳೆ. ನೀವೂ ಬನ್ನಿ."

ಪಾಪ, ಆಕೆ ಕೋಸಂಬರಿಯನ್ನೂ ಅನುಮಾನದಿಂದಲೇ ತಿಂದರು.

ಕಳೆದ ಶನಿವಾರ ನಾನು ಹೋದಾಗ ಉಮಾ ಅಜ್ಜಿಗೆ ಒರಗಿ ಕೂತು ಹಕ್ಕಿಗಳ ಇಂಗ್ಲಿಷ್ ಪುಸ್ತಕವೊಂದನ್ನು ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಳು. ಒಂದು ಪದಕ್ಕೆ ತಡವರಿಸಿದಳು. ದೊಡ್ಡಮ್ಮ ಹೇಳಿಕೊಡಲಿಲ್ಲ, ಸುಮ್ಮನೆ ಕಾದಳು. ಉಮಾ ತಾನೇ ಬಿಡಿಸಿಕೊಂಡು ಮುಂದೆ ಹೋದಳು. ನೀರು ಕುಡಿಯಲು ಎದ್ದವಳು ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದಳು: "ಅಜ್ಜಿ ಕಾಂಟ್ ರೀಡ್ ಇಂಗ್ಲಿಷ್. ಐ ಹ್ಯಾವ್ ಟು ಹೆಲ್ಪ್ ಹರ್."

ಮಂಡ್ಯದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಮ್ಮ ದೊಡ್ಡಮ್ಮ.

"ಅಲ್ಲ ದೊಡ್ಡಮ್ಮ, ನೀನು..." ಎನ್ನುವಷ್ಟರಲ್ಲಿ ನನ್ನ ಬಾಯಿ ಮುಚ್ಚಿದಳು.

"ಸುಮ್ನಿರೋ! ಇನ್ನೂ ಒಂಬತ್ತು ಪುಟ ಇದೆ."